ಇಪ್ಪತ್ತೆರಡು ಮನೆಗಳಿಗೆ ಬಿದ್ದ ಕತ್ತರಿ

ನಾನು ಪೋಲೆಂಡಿಗೆ ಹೋಗಿಲ್ಲ. ಹೋಗುವ ಯೋಚನೆಯೂ ಇಲ್ಲ, ಚಳಿ ನನಗೆ ಆಗಿಬರುವುದಿಲ್ಲ. ಆದರೆ ಆ ದೇಶದ ಪಶ್ಚಿಮದ ಅಂಚಿನಲ್ಲಿರುವ ಒಂದು ಪುಟ್ಟ ಹಳ್ಳಿಯ ಬಗ್ಗೆ ಏನು ಬೇಕಾದರೂ ಕೇಳಿ. ಯಾರ ಮನೆಯ ಬಾವಿ ನೀರು ಸಿಹಿ, ಯಾವ ಸೊಸೆ ಅತ್ತೆಯ ಜೊತೆ ಹನ್ನೊಂದು ವರ್ಷ ಮಾತು ಬಿಟ್ಟಿದ್ದಳು, ಯಾರ ಚಿಮಣಿಯ ಮೇಲೆ ಕೊಕ್ಕರೆ ಗೂಡು ಕಟ್ಟುತ್ತಿತ್ತು, ಎಲ್ಲ ಹೇಳುತ್ತೇನೆ. ಜಯನಗರದಲ್ಲಿ ನಮ್ಮ ಎದುರು ಮನೆಗೆ ಈಗ ಯಾರು ಬಾಡಿಗೆಗೆ ಬಂದಿದ್ದಾರೆಂದು ಮಾತ್ರ ಕೇಳಬೇಡಿ. ಗೊತ್ತಿಲ್ಲ.

ಇದಕ್ಕೆಲ್ಲ ಕಾರಣ ಅಪ್ಪನ ಪತ್ರದ ಹುಚ್ಚು. ಅಪ್ಪ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದರು. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಯಾವುದೋ ಇಂಗ್ಲಿಷ್ ಮಾಸಪತ್ರಿಕೆಯ ಕೊನೆಯ ಪುಟದಲ್ಲಿ ಪತ್ರಮಿತ್ರರ ವಿಳಾಸಗಳನ್ನು ನೋಡಿ ಮೂರು ದೇಶಗಳಿಗೆ ಕಾಗದ ಹಾಕಿದರು. ಎರಡು ಕಡೆಯಿಂದ ಸುದ್ದಿಯೇ ಇಲ್ಲ. ಮೂರನೆಯದಕ್ಕೆ ಪೋಲೆಂಡಿನ ಒಬ್ಬ ನಿವೃತ್ತ ಹಳ್ಳಿ ಮೇಷ್ಟ್ರು ಉತ್ತರ ಬರೆದರು. ಇಬ್ಬರದೂ ಡಿಕ್ಷನರಿಯಿಂದ ಕಲಿತ ಇಂಗ್ಲಿಷು. ಇಬ್ಬರೂ ಅದನ್ನು ಮಾತಾಡಲು ಹೆದರುವವರು, ಬರೆಯಲು ಮಾತ್ರ ಹುಲಿಗಳು. ಹೀಗಾಗಿ ಸ್ನೇಹ ಗಟ್ಟಿಯಾಯಿತು.

ಮೊದಮೊದಲು ಹವಾಮಾನ, ಆರೋಗ್ಯ, ತರಕಾರಿ. ಆಮೇಲೊಂದು ಕಾಗದದಲ್ಲಿ ಮೇಷ್ಟ್ರು ಮನಸ್ಸು ಬಿಚ್ಚಿದರು. ತಮ್ಮ ಹಳ್ಳಿಯ ಇತಿಹಾಸವನ್ನು ಮನೆಮನೆ ಸುತ್ತಿ ಕೇಳಿ ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿದ್ದಾರಂತೆ. ಓದುವವರೇ ಇಲ್ಲ. ಹುಡುಗರು ಪಟ್ಟಣ ಸೇರಿದ್ದಾರೆ, ಸರ್ಕಾರಿ ಬೇಸಾಯದ ಫಾರಂ ಮುಚ್ಚಿದ ಮೇಲೆ ಕೆಲಸ ಕಳೆದುಕೊಂಡ ಗಂಡಸರು ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತು ದಿನ ತಳ್ಳುತ್ತಾರೆ. "ನೀವು ನನ್ನ ಓದುಗರಾಗುತ್ತೀರಾ? ಒಂದು ಕಾಗದಕ್ಕೆ ಒಂದು ಮನೆ" ಎಂದು ಕೇಳಿದ್ದರು. ಅಪ್ಪನಿಗೆ ಆನೆ ಮೇಲಿನ ಅಂಬಾರಿಗೆ ಹತ್ತಿಸಿದಷ್ಟು ಖುಷಿ. ಅವತ್ತೇ ಒಪ್ಪಿಗೆ ಬರೆದು ಪೋಸ್ಟ್ ಮಾಡಿ ಬಂದರು.

ಮೇಷ್ಟ್ರು ಭಾರಿ ಜುಗ್ಗರು. ಕವರಿಗೆ ದುಡ್ಡು ಹಾಕುವ ಜಾತಿಯಲ್ಲ. ದೊಡ್ಡದೊಂದು ತೆಳು ಹಾಳೆಯ ಒಂದು ಬದಿಗೆ ಬಾಲ್ ಪೆನ್ನಿನಲ್ಲಿ ಒತ್ತೊತ್ತಾಗಿ ಬರೆದು, ಬರಹ ಒಳಗೆ ಬರುವಂತೆ ಮಡಚಿ, ಅಂಚಿಗೆ ಗೋಂದು ಹಚ್ಚಿ, ಹೊರಮೈಗೆ ವಿಳಾಸ ಬರೆದು ಸ್ಟಾಂಪು ಮೆತ್ತುತ್ತಿದ್ದರು. ನಮ್ಮ ಇನ್‌ಲ್ಯಾಂಡ್ ಲೆಟರಿನ ಹಾಗೆ, ಮನೆಯಲ್ಲೇ ಮಾಡಿದ್ದು. ಆಗ ಅಲ್ಲಿ ಬೆಲೆಗಳು ಗಗನಕ್ಕೇರಿದ್ದ ಕಾಲ. ಒಂದೊಂದು ಸ್ಟಾಂಪಿನ ಮೇಲೂ ಎರಡು ಸಾವಿರ, ಮೂರು ಸಾವಿರ ಎಂದು ಅಚ್ಚಾಗಿರುತ್ತಿತ್ತು. ಅಂಥವನ್ನು ಸಾಲಾಗಿ ಮೂರು ನಾಲ್ಕು ಅಂಟಿಸುತ್ತಿದ್ದರು. ಇಷ್ಟೊಂದು ಖರ್ಚು ಮಾಡುವ ಮನುಷ್ಯ ಜಮೀನ್ದಾರನೇ ಇರಬೇಕೆಂದು ನಾನು ತುಂಬಾ ದಿನ ನಂಬಿದ್ದೆ.

ಕಾಗದ ಬಂದ ವಾರದ ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ವಾಚನ. ಅಪ್ಪ ಎರಡನೇ ಕಾಫಿ ಹಿಡಿದು ವೆರಾಂಡದ ಬೆತ್ತದ ಕುರ್ಚಿಯಲ್ಲಿ ಕೂರುವರು. ಅಮ್ಮ ಬಾಗಿಲ ಬಳಿ ಹುರುಳಿಕಾಯಿ ನಾರು ತೆಗೆಯುತ್ತಲೋ ಸೊಪ್ಪು ಬಿಡಿಸುತ್ತಲೋ ಇರುವಳು. ನಾನು ಮೆಟ್ಟಿಲ ಮೇಲೆ. ಅಪ್ಪ ಒಂದು ವಾಕ್ಯ ಇಂಗ್ಲಿಷಿನಲ್ಲಿ ಗೊಣಗಿ, ತಕ್ಷಣ ಅದನ್ನು ಕನ್ನಡಕ್ಕೆ ಇಳಿಸುತ್ತಿದ್ದರು. ಇಳಿಸುವಾಗ ಸ್ವಲ್ಪ ನಮ್ಮ ಕಡೆಗೇ ಇಳಿಸುತ್ತಿದ್ದರು. ರೈ ಎಂಬ ಧಾನ್ಯ ಅಪ್ಪ ಕಂಡದ್ದಲ್ಲ, ಅದನ್ನು ರಾಗಿ ಮಾಡಿದರು. ಮೂರು ಕಿಲೋಮೀಟರು ಎಂದಿದ್ದರೆ "ಇಲ್ಲಿಂದ ಬನಶಂಕರಿ ದೇವಸ್ಥಾನದಷ್ಟು ದೂರ" ಎನ್ನುವರು. ಹಿಟ್ಟಿನೊಳಗೆ ಆಲೂಗಡ್ಡೆ ಮತ್ತು ಗಿಣ್ಣು ತುಂಬಿ ಬೇಯಿಸುವ ಅವರ ತಿಂಡಿ ನಮ್ಮ ಮನೆಯಲ್ಲಿ ಕಡುಬಾಯಿತು. ಅಮ್ಮ ಅದನ್ನು ಕೇಳಿದ ಮರುದಿನವೇ ಮಾಡಿ ನೋಡಿದಳು. ಅದು ಏನಾಯಿತೋ ಏನೋ, ಸಂಜೆ ನಾವು ಹೋಟೆಲಿನಿಂದ ಇಡ್ಲಿ ತರಿಸಿದೆವು.

ಆ ಹಳ್ಳಿಯ ಚರಿತ್ರೆಯಾದರೂ ಎಂಥದ್ದು! ಅಲ್ಲಿರುವವರು ಯಾರೂ ಅಲ್ಲಿಯವರಲ್ಲ. ಮಹಾಯುದ್ಧ ಮುಗಿಯುವವರೆಗೆ ಅದು ಜರ್ಮನರ ಊರು. ಯುದ್ಧ ಮುಗಿದು ಗಡಿಗೆರೆಗಳು ಜರುಗಿದವು. ಜರ್ಮನರನ್ನು ಕೈಗೆ ಸಿಕ್ಕ ಗಂಟಿನೊಂದಿಗೆ ಪಶ್ಚಿಮಕ್ಕೆ ಕಳಿಸಿದರು. ಪೂರ್ವದಲ್ಲಿ ತಮ್ಮ ಹಳ್ಳಿಗಳನ್ನು ಕಳೆದುಕೊಂಡ ಪೋಲಿಷ್ ಕುಟುಂಬಗಳನ್ನು ದನ ಸಾಗಿಸುವ ರೈಲುಡಬ್ಬಿಗಳಲ್ಲಿ ತುಂಬಿ ಇಲ್ಲಿಗೆ ತಂದು ಇಳಿಸಿದರು. ಇದು ನಿಮ್ಮ ಮನೆ, ಅದು ಅವರ ಮನೆ ಎಂದು ಹಂಚಿದರು.

"ಅಲಾಟ್‌ಮೆಂಟು!" ಎಂದರು ಅಪ್ಪ, ಕಾಗದ ಕೆಳಗಿಟ್ಟು. ಈ ಜಯನಗರದ ಸೈಟಿಗಾಗಿ ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದವರು ಅವರು. "ನಮ್ಮ ಹಾಗೇ ಕಣೆ. ನಮ್ಮ ಬ್ಲಾಕಲ್ಲೂ ಯಾರು ಇಲ್ಲಿಯೋರು? ಒಬ್ರು ಹಾಸನ, ಒಬ್ರು ಕೋಲಾರ."

"ಮುಂಚೆ ಇದ್ದೋರು ಎಲ್ಲಿಗೆ ಹೋದ್ರೂಂತ?" ಎಂದು ಕೇಳಿದಳು ಅಮ್ಮ. ಅವಳ ಪ್ರಶ್ನೆಗಳೇ ಹಾಗೆ, ನೇರ ಪಾಯಕ್ಕೆ ಹೋಗುತ್ತವೆ.

ಅಪ್ಪ ಅದನ್ನೇ ಬರೆದು ಕೇಳಿದರು. ಮೇಷ್ಟ್ರ ಉತ್ತರ ಬಂತು: ಅವರು ಹೇಗೆ ಹೋದರೆಂದರೆ, ನಮ್ಮವರು ಒಳಗೆ ಕಾಲಿಟ್ಟಾಗ ಮೇಜಿನ ಮೇಲೆ ಲೋಟಗಳು ಹಾಗೇ ಇದ್ದವು. ಕೊಟ್ಟಿಗೆಯಲ್ಲಿ ಹಾಲು ಕರೆಯದ ಹಸು ಕೂಗುತ್ತಿತ್ತು. "ನಿಮ್ಮ ಜಾಗದಲ್ಲಿ ಮುಂಚೆ ಯಾರಿದ್ದರು?" ಎಂದು ತಿರುಗಿ ಕೇಳಿದ್ದರು. ಅಪ್ಪ ಬಾಗಿಲಿಗೆ ಅವರೆಕಾಯಿ ತರುತ್ತಿದ್ದ ಕೋಣನಕುಂಟೆಯ ಅಜ್ಜಿಯನ್ನು ಕೇಳಿದರು. "ಇಲ್ಲೆಲ್ಲಾ ನಮ್ ಮಾವನ್ ಹೊಲ ಇತ್ತು ಕಣಪ್ಪ, ನಿಮ್ ಅಡ್ಗೆಮನೆ ಇರೋ ಕಡೆ ಉಚ್ಚೆಳ್ಳು ಹಾಕ್ತಿದ್ವಿ" ಎಂದು ಅಜ್ಜಿ ಸಲೀಸಾಗಿ ಹೇಳಿತು. ಅವತ್ತಿನಿಂದ ಅಪ್ಪ ಅವಳ ಜೊತೆ ಚೌಕಾಸಿ ಮಾಡುವುದನ್ನು ಬಿಟ್ಟರು.

ಒಂದೊಂದು ಮನೆಗೆ ಒಂದೊಂದು ಕಥೆ. ನಾಲ್ಕನೇ ಮನೆಯವನು ತನ್ನ ಹಳೆಯ ಊರಿನ ಬಾಗಿಲನ್ನೇ ಕಿತ್ತು ರೈಲಿನಲ್ಲಿ ತಂದಿದ್ದ. ಹೊಸ ಮನೆಯ ಚೌಕಟ್ಟಿಗೆ ಅದು ಕೂರಲಿಲ್ಲ, ಸಾಯುವ ತನಕ ಅದನ್ನೇ ಊಟದ ಮೇಜು ಮಾಡಿಕೊಂಡ. ಒಂಬತ್ತನೇ ಮನೆಯವರು ಇಪ್ಪತ್ತು ವರ್ಷ ಗಂಟು ಬಿಚ್ಚಲೇ ಇಲ್ಲ, ವಾಪಸ್ ಕಳಿಸುತ್ತಾರೆಂದು ಕಾದರು. ಎರಡು ಬೇರೆ ಬೇರೆ ಊರುಗಳಿಂದ ಬಂದವರು ಚರ್ಚಿನಲ್ಲಿ ಎಡಕ್ಕೊಂದು ಗುಂಪು, ಬಲಕ್ಕೊಂದು ಗುಂಪು ಕೂತು, ಕಡುಬಿಗೆ ಈರುಳ್ಳಿ ಹಾಕಬೇಕೋ ಬೇಡವೋ ಎಂಬ ವಿಷಯದಲ್ಲಿ ಮೊಮ್ಮಕ್ಕಳ ಕಾಲದವರೆಗೂ ಜಗಳ ಕಾಯ್ದುಕೊಂಡಿದ್ದರು. ಹೊಲಸು ಜಗಳವಲ್ಲ, ಹಬ್ಬಕ್ಕೊಮ್ಮೆ ತೆಗೆದು ಮಸೆಯುವ ಜಗಳ.

ಇನ್ನು ನನ್ನ ಘನಕಾರ್ಯಕ್ಕೆ ಬರುತ್ತೇನೆ.

ನಾನಾಗ ಐದನೇ ಕ್ಲಾಸು. ಶಾಲೆಯಲ್ಲಿ ಸ್ಟಾಂಪ್ ಸಂಗ್ರಹದ ಗೀಳು ಸಿಡುಬಿನ ಹಾಗೆ ಹರಡಿತ್ತು. ಸಿದ್ದಾಪುರದಿಂದ ಬರುತ್ತಿದ್ದ ಒಬ್ಬ ಗೆಳತಿ ಮತ್ತು ನಾನು ಅದರಲ್ಲಿ ವ್ಯಾಪಾರಿಗಳು. ಒಂದು ಪೋಲೆಂಡಿಗೆ ಎರಡು ಶ್ರೀಲಂಕಾ, ಕೊಕ್ಕರೆ ಚಿತ್ರವಿದ್ದರೆ ಮೂರು. ಸ್ಟಾಂಪನ್ನು ಕಿತ್ತರೆ ಹಾಳಾಗುತ್ತದೆ, ಸುತ್ತಲಿನ ಕಾಗದದ ಸಮೇತ ಕತ್ತರಿಸಿ ತಣ್ಣೀರಿನಲ್ಲಿ ನೆನೆಹಾಕಬೇಕು ಎಂದು ಹೇಳಿಕೊಟ್ಟಿದ್ದರು. ನಾನು ವಿಧೇಯ ವಿದ್ಯಾರ್ಥಿನಿ. ಅಪ್ಪ ಓದಿ ಮುಗಿಸಿ ಟ್ರಂಕಿನಲ್ಲಿಟ್ಟ ಕಾಗದಗಳನ್ನು ಒಂದೊಂದಾಗಿ ತೆಗೆದು, ಸ್ಕೇಲಿಟ್ಟು ಗೆರೆ ಹಾಕಿ, ನೀಟಾಗಿ ಕತ್ತರಿಸಿಕೊಂಡೆ. ಹಿಂಬದಿಯಲ್ಲಿ ಮೇಷ್ಟ್ರ ಬರಹವಿದ್ದದ್ದು ಕಾಣಲಿಲ್ಲವೆಂದು ಸುಳ್ಳು ಹೇಳಲಾರೆ. ಕಾಣಿಸಿತು. ಓದಿ ಆದ ಕಾಗದ ತಾನೇ, ತಿಂದು ಮುಗಿಸಿದ ಮಾವಿನ ಹಣ್ಣಿನ ಓಟೆ ಯಾರಿಗೆ ಬೇಕು ಅಂದುಕೊಂಡೆ. ಗೆಳತಿಗೆ ಒಂದಷ್ಟನ್ನು ಕತ್ತರಿಸಿದ ಹಾಗೇ ಕೊಟ್ಟು, ಉಳಿದವನ್ನು ನೆನೆಹಾಕಿ, ಬಿಟ್ಟುಕೊಂಡ ಕಾಗದದ ಚೂರುಗಳನ್ನು ಬಚ್ಚಲಿಗೆ ಸುರಿದೆ. ಇಪ್ಪತ್ತೆರಡನೆಯ ಮನೆಯ ಹೊತ್ತಿಗೆ ಗೀಳು ಇಳಿಯಿತು. ಉಳಿದ ಹದಿನಾರು ಮನೆಗಳು ಬಚಾವಾದವು.

ಮೂವತ್ತೆಂಟು ಮನೆಗಳು ಮುಗಿದ ಮೇಲೆ ಪತ್ರಗಳು ತೆಳುವಾದವು. ಹಬ್ಬಕ್ಕೊಂದು ಕಾರ್ಡು, ಅಷ್ಟೆ. ನಾನು ಬಿ.ಕಾಂ. ಸೇರಿದೆ, ಅಪ್ಪ ರಿಟೈರಾದರು. ಹೊಸ ಶತಮಾನ ಬಂದ ಒಂದೆರಡು ವರ್ಷಕ್ಕೆ ಮೇಷ್ಟ್ರಿಂದ ಒಂದು ಕಾಗದ ಬಂತು. ಕೈಬರಹ ನಡುಗುತ್ತಿತ್ತು. ನದಿ ಉಕ್ಕಿ ಅವರ ನೆಲಮಾಳಿಗೆಗೆ ನೀರು ನುಗ್ಗಿತ್ತು. ನೋಟ್‌ಬುಕ್ಕುಗಳೆಲ್ಲ ನೆನೆದು ಹಿಟ್ಟಾಗಿದ್ದವು. ಕಥೆ ಹೇಳಿದ ಮುದುಕರು ಮುದುಕಿಯರು ಆಗಲೇ ಮಣ್ಣು ಸೇರಿದ್ದರು. ಈಗ ಅವರ ಮೊಮ್ಮಕ್ಕಳು ಮೇಷ್ಟ್ರ ಬಾಗಿಲು ತಟ್ಟಿ, ನಮ್ಮಜ್ಜಿ ಎಲ್ಲಿಂದ ಬಂದಳು, ಹೇಗೆ ಬಂದಳು ಎಂದು ಕೇಳುತ್ತಿದ್ದಾರೆ. "ನನಗೀಗ ಮರೆವು ಜಾಸ್ತಿ. ಈ ಊರಿನ ನೆನಪು ಉಳಿದಿರುವುದು ನಿಮ್ಮ ಮನೆಯಲ್ಲಿ ಮಾತ್ರ. ದಯವಿಟ್ಟು ನಕಲು ಕಳಿಸಿ" ಎಂದು ಬರೆದಿದ್ದರು.

ಅಪ್ಪನ ಎದೆ ಉಬ್ಬಿತು. ಭಾನುವಾರ ಸ್ನಾನ ಮಾಡಿ, ಇಸ್ತ್ರಿ ಶರ್ಟು ಹಾಕಿಕೊಂಡು, ಟ್ರಂಕನ್ನು ವೆರಾಂಡಕ್ಕೆ ಎಳೆಸಿದರು. "ನೋಡು ಪುಟ್ಟಿ, ಒಂದು ಊರಿನ ಇಡೀ ಇತಿಹಾಸ ಜಯನಗರದಲ್ಲಿ ಭದ್ರವಾಗಿದೆ." ಮೊದಲ ಕಾಗದ ಬಿಡಿಸಿ ಬೆಳಕಿಗೆ ಹಿಡಿದರು. ಅದರ ತೂತಿನಲ್ಲಿ ಅಮ್ಮನ ಮುಖ ಕಾಣಿಸಿತು.

ಎರಡನೆಯದು ತೆಗೆದರು. ಅದರಲ್ಲೂ ಅಮ್ಮ.

"ಇಲಿ!" ಎಂದರು ಅಪ್ಪ.

ಅಮ್ಮ ಎದ್ದು ಬಂದು ನೋಡಿದಳು. "ಇಲಿ ಸ್ಕೇಲ್ ಇಟ್ಟು ಕತ್ತರ್ಸತ್ತೇನ್ರಿ?"

ಹತ್ತು ವರ್ಷ ನಾನು ಆ ಕತ್ತರಿಯನ್ನು ನೆನೆಸಿಕೊಂಡೇ ಇರಲಿಲ್ಲ. "ನಾನೇ ಅಪ್ಪ," ಎಂದೆ. ಬೈದಿದ್ದರೆ ಚೆನ್ನಾಗಿತ್ತು. ಅಪ್ಪ ಬೈಯಲಿಲ್ಲ. ಕಾಗದಗಳನ್ನು ಜೋಡಿಸಿಟ್ಟು, "ಅವರಿಗೆ ಏನಂತ ಬರೀಲಿ?" ಎಂದಷ್ಟೇ ಅಂದರು. ಆಮೇಲೆ ಮೂರು ದಿನ ಟ್ರಂಕು ವೆರಾಂಡದಲ್ಲೇ ಬಿದ್ದಿತ್ತು. ನಾನು ಅಷ್ಟು ನಾಚಿಕೆ ಪಟ್ಟದ್ದು ಜೀವನದಲ್ಲಿ ಇನ್ನೊಮ್ಮೆ ಇಲ್ಲ. ನಾಲ್ಕನೇ ದಿನ ಅಮ್ಮನೇ ತೀರ್ಪು ಕೊಟ್ಟಳು: "ಕತ್ತರ್ಸಿದೋಳೇ ಹೊಲೀಲಿ."

ಹೊಲಿಯಲು ತೇಪೆ ಬೇಕಲ್ಲ. ನಾನು ಗೆಳತಿಯನ್ನು ಹುಡುಕಿ ಹೊರಟೆ. ಅವರು ಸಿದ್ದಾಪುರ ಬಿಟ್ಟು ಕೋಣನಕುಂಟೆಯಲ್ಲಿ ಮನೆ ಕಟ್ಟಿಕೊಂಡಿದ್ದರು. ಆಗಿನ್ನೂ ಅದು ಅರ್ಧ ಹಳ್ಳಿ, ಅರ್ಧ ಲೇಔಟು. ತಲಘಟ್ಟಪುರದ ಬಸ್ಸು ಹತ್ತಿ, ಕಂಡಕ್ಟರಿಗೆ ಎರಡು ಸಲ ನೆನಪಿಸಿ ಇಳಿದು, ಹುಲ್ಲಿನ ಮೆದೆಯ ಪಕ್ಕದಲ್ಲಿ ಹಾದು, ಹೊಸ ಗ್ರಾನೈಟ್ ಮೆಟ್ಟಿಲಿನ ಮನೆ ಮುಟ್ಟಿದೆ.

"ಸ್ಟಾಂಪಾ? ಇದೆ ಕಣೆ, ಯಾವ್ದೋ ಹಳೇ ಡೈರೀಲಿ," ಎಂದಳು ಗೆಳತಿ. ಅಟ್ಟ ಹತ್ತಿ ಇಳಿಸಿದಳು.

ಡೈರಿ ತೆರೆದೆ. ಪುಟಗಳು ದಪ್ಪದಪ್ಪ. ಒಂದೊಂದು ಸ್ಟಾಂಪೂ ಕಾಗದದ ಸಮೇತ ಮೈದಾ ಅಂಟಿನಲ್ಲಿ ಕೂತಿತ್ತು. "ನೀನು ನೆನೆಹಾಕ್ಲೇ ಇಲ್ವಾ?"

"ಅಯ್ಯೋ, ಯಾರಿಗಿತ್ತು ಮಗಾ ಪುರುಸೊತ್ತು? ಹಂಗೇ ಮೆತ್ತಿದ್ದೆ. ಅದಕ್ಕೆ ನೀನು ಆವಾಗ ಎಷ್ಟ್ ಬೈದಿದ್ದೆ ಗೊತ್ತಾ, ಕೊಳಕಿ ಅಂತ."

ಬೈದಿದ್ದೆ. ಈಗ ಆ ಕೊಳಕಿಯ ಕೈ ಹಿಡಿದು ಮುತ್ತು ಕೊಡಬೇಕೆನಿಸಿತು. ಅವರಮ್ಮ ಒಲೆ ಮೇಲೆ ಇಡ್ಲಿ ಪಾತ್ರೆ ಇಟ್ಟಿದ್ದರು. ಮುಚ್ಚಳ ಸರಿಸಿ ಡೈರಿಯ ಒಂದೊಂದೇ ಪುಟವನ್ನು ಹಬೆಗೆ ಹಿಡಿದೆವು. ಮೈದಾ ಮೆತ್ತಗಾಗಿ ಚೂರುಗಳು ಒಂದೊಂದಾಗಿ ಬಿಟ್ಟುಕೊಂಡವು. ಬೆನ್ನಿನ ಮೇಲೆ ಮೇಷ್ಟ್ರ ಒತ್ತೊತ್ತು ಅಕ್ಷರ ಹಾಗೇ ಇತ್ತು. "ಏನಮ್ಮಾ, ಇಡ್ಲಿ ಬೇಯ್ಲಾ, ಬೇಡ್ವಾ?" ಎಂದು ಆಂಟಿ ಮೂರು ಸಲ ಕೇಳಿದರು. ಒಂಬತ್ತು ಮನೆಗಳ ತೇಪೆ ಸಿಕ್ಕಿತು. ಇಡ್ಲಿ ಅವತ್ತು ಕಲ್ಲು. ನಾನು ಆರು ತಿಂದೆ.

ಉಳಿದ ಹದಿಮೂರು ಬಚ್ಚಲಿನ ಪಾಲಾಗಿದ್ದವು. ಅಪ್ಪ ಒಂದು ಕಾಗದದ ತೂತನ್ನು ನೋಡುತ್ತಾ, "ಹದಿನಾಲ್ಕನೇ ಮನೆಗೆ ಏನಾಗಿತ್ತೋ," ಎಂದು ತಮಗೆ ತಾವೇ ಹೇಳಿಕೊಂಡರು.

ಅಮ್ಮ ಮೆಂತ್ಯ ಬಿಡಿಸುತ್ತಿದ್ದಳು. ತಲೆ ಎತ್ತದೆ, "ಅದೇ, ಮೇಕೆ ತಂದೋಳ ಮನೆ," ಎಂದಳು. "ರೈಲಲ್ಲಿ ಮೇಕೆ ಕದ್ದು ತಂದ್ಲು, ಸೀರೆ ಒಳಗೆ ಮುಚ್ಕೊಂಡು. ಸೀರೆ ಅಲ್ಲ, ಅದೇನೋ ಉದ್ದ ಕೋಟು. ಸಿಪಾಯಿ ಬಂದಾಗ ಮೇಕೆ ಅರಚ್ತು, ಇವಳು ತಾನೇ ಕೆಮ್ಮಿದ ಹಾಗೆ ಮಾಡಿದ್ಲು."

ಅಪ್ಪ ಬಾಯಿ ತೆರೆದು ಕೂತರು. "ನಿನಗೆ ನೆನಪಿದೆಯಾ?"

"ನೀವು ಓದಿದ್ರಿ, ನಾನು ಕೇಳಿದ್ದೆ."

ಅಪ್ಪನಿಗೆ ನಂಬಿಕೆ ಬರಲಿಲ್ಲ. ಪರೀಕ್ಷೆ ಇಟ್ಟರು. ಕತ್ತರಿ ಬೀಳದ ಮೂವತ್ತನೇ ಕಾಗದವನ್ನು ಎದುರಿಗೆ ಹಿಡಿದು ಪ್ರಶ್ನೆ ಕೇಳಿದರು. ಅಮ್ಮ ಮನೆಯವರು, ಮಕ್ಕಳು, ಕುದುರೆಯ ಬಣ್ಣ, ಅಣ್ಣತಮ್ಮಂದಿರು ಬೇಲಿಗಾಗಿ ಕೋರ್ಟಿಗೆ ಹೋದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿ, "ಅವತ್ತು ನೀವು ಕಾಫಿ ಚೆಲ್ಕೊಂಡ್ರಿ, ಕಾಗದದ ಮೂಲೇಲಿ ಕಲೆ ಇರ್ಬೇಕು ನೋಡಿ," ಎಂದಳು. ಕಲೆ ಇತ್ತು. ನಲವತ್ತು ಮೈಲಿ ಆಚೆ ಹೋಗದ ನಮ್ಮಮ್ಮ ಆ ಹಳ್ಳಿಯ ಶ್ಯಾನುಭೋಗರಾಗಿ ಕೂತಿದ್ದು ನಮಗಿಬ್ಬರಿಗೂ ಗೊತ್ತೇ ಇರಲಿಲ್ಲ.

ಮಾರನೇ ದಿನದಿಂದ ಮಧ್ಯಾಹ್ನ ಊಟವಾದ ಮೇಲೆ ಕೆಲಸ ಶುರು. ಅಮ್ಮ ಹೇಳುವಳು, ನಾನು ಬರೆದುಕೊಳ್ಳುವೆ, ಅಪ್ಪ ಇಂಗ್ಲಿಷ್ ಮಾಡುವರು. ಆಗ ಅಪ್ಪನ ಹಳೆಯ ಚಾಳಿ ಅವರಿಗೇ ತಿರುಗುಬಾಣವಾಯಿತು. ಅಮ್ಮನ ಲೆಕ್ಕದಲ್ಲಿ ಆ ಊರಿನವರೆಲ್ಲ ರಾಗಿ ಬೆಳೆಯುತ್ತಿದ್ದರು, ಬನಶಂಕರಿ ದೇವಸ್ಥಾನದಷ್ಟು ದೂರ ಹಿಮದಲ್ಲಿ ನಡೆಯುತ್ತಿದ್ದರು, ಹೆಣ್ಣು ಕೇಳಲು ಲಾಲ್‌ಬಾಗಿನಷ್ಟು ಹತ್ತಿರದ ಊರಿಗೆ ಹೋಗುತ್ತಿದ್ದರು. ಅಪ್ಪ ಸ್ಕೂಟರಿನ ಮೀಟರು ನೋಡಿಕೊಂಡು ದೇವಸ್ಥಾನಕ್ಕೆ ಹೋಗಿ ಬಂದು, ದೂರವನ್ನು ವಾಪಸ್ ಕಿಲೋಮೀಟರಿಗೆ ಇಳಿಸಿದರು. ಪೂಜಾರಿಗಳು ಪ್ರಸಾದ ಕೊಡಲು ಬಂದರೆ, "ಇವತ್ತು ದೇವರಿಗಲ್ಲ, ಅಳತೆಗೆ ಬಂದೆ," ಎಂದರಂತೆ.

ಎರಡು ವಾರದಲ್ಲಿ ಹನ್ನೆರಡು ತೂತು ಮುಚ್ಚಿದವು. ಉಳಿದದ್ದು ಒಂದೇ, ಹದಿನೇಳನೆಯ ಮನೆ. ಅದರ ಸರದಿ ಬಂದಾಗಲೆಲ್ಲ ಅಪ್ಪ, "ಅದನ್ನ ಕೊನೆಗೆ ನೋಡೋಣ," ಎನ್ನುತ್ತಿದ್ದರು. ಈಗ ಕೊನೆಯೂ ಬಂದಿತ್ತು.

ತೂತಿನ ಮೇಲೆ ಉಳಿದ ಸಾಲು: ಒಬ್ಬ ತುಂಬು ಬಸುರಿ ತನ್ನ ಗಂಡನೊಂದಿಗೆ ರೈಲು ಹತ್ತಿದಳು; ಪ್ರಯಾಣದ ಒಂಬತ್ತನೇ ದಿನ... ಅಲ್ಲಿಂದ ನಾಲ್ಕು ಸಾಲಿನಷ್ಟು ಖಾಲಿ. ತೂತಿನ ಕೆಳಗಿನ ಸಾಲು: ಆಮೇಲೆ ಆಕೆ ಎಂದೂ ರೈಲು ಹತ್ತಲಿಲ್ಲ, ಸಂತೆಗೆ ನಡೆದೇ ಹೋಗುತ್ತಿದ್ದಳು.

"ಹೇಳಮ್ಮ," ಎಂದೆ.

"ಇದು ನಂಗೊತ್ತಿಲ್ಲ," ಎಂದಳು ಅಮ್ಮ. "ಈ ಮನೆ ಇವರು ಓದೇ ಇಲ್ಲ."

"ಓದಿದೀನಿ," ಎಂದರು ಅಪ್ಪ.

"ಇಲ್ಲ. ಹದಿನಾರು ಆದ್ಮೇಲೆ ಹದಿನೆಂಟು ಓದಿದ್ರಿ. ಕೇಳಿದ್ದಕ್ಕೆ ಮೇಷ್ಟ್ರೇ ನಂಬರ್ ತಪ್ಪಿದಾರೆ ಅಂದ್ರಿ."

ಅಪ್ಪ ಕನ್ನಡಕ ಒರೆಸಿದರು. "ಹೋಗ್ಲಿ ಬಿಡು. ಪ್ರಯಾಣದಲ್ಲಿ ಕಾಯಿಲೆ ಬಿದ್ಲು ಅಂತ ಏನೋ ಒಂದು ಬರೆದರಾಯ್ತು. ಯಾರು ನೋಡ್ತಾರೆ?"

"ಊಹೂಂ. ಕಂಡೋರ ಮನೆ ಕಥೇಲಿ ನಾವು ಕೈ ಆಡಿಸ್ಬಾರ್ದು. ಗೊತ್ತಿಲ್ದೇ ಇದ್ರೆ ಖಾಲಿ ಬಿಡಿ."

ನಾನು ಕಾಗದದ ಮೇಲಿನ ತಾರೀಕು ನೋಡಿದೆ. ಆಗ ತಿಳಿಯಿತು. ಅದು ಅಮ್ಮ ಎಂಟು ದಿನ ನರ್ಸಿಂಗ್ ಹೋಮಿನಲ್ಲಿದ್ದ ತಿಂಗಳು. ನನಗೊಂದು ತಂಗಿಯೋ ತಮ್ಮನೋ ಬರಬೇಕಿತ್ತು. ದಿನ ತುಂಬುವ ಮುಂಚೆ ಹುಟ್ಟಿದ ಮಗು ಒಂದು ದಿನವೂ ಉಳಿಯಲಿಲ್ಲ. ಅಮ್ಮ ಬರಿಗೈಯಲ್ಲಿ ಆಟೋದಿಂದ ಇಳಿದಳು. ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ, ಎತ್ತಬಾರದೆಂದು ನನಗೂ ಹೇಗೋ ಗೊತ್ತಾಯಿತು. ಮುಂದಿನ ಭಾನುವಾರ ಅಪ್ಪ ಎಂದಿನಂತೆ ಕಾಫಿ ಹಿಡಿದು ಕೂತು, ಹದಿನೆಂಟನೆಯ ಮನೆಯ ಚಿಮಣಿಯ ಮೇಲಿನ ಕೊಕ್ಕರೆಗಳ ಕಥೆ ಓದಿದ್ದರು.

ಅಪ್ಪ ಆ ಕಾಗದವನ್ನು ಮಡಚಿ ಟ್ರಂಕಿನ ಮೇಲಿಟ್ಟರು. ಆಮೇಲೆ ಕಾಗದ ನೋಡದೆಯೇ ಹೇಳತೊಡಗಿದರು.

"ರೈಲಲ್ಲೇ ಹೆರಿಗೆ ಆಯ್ತು. ಹೆಣ್ಣು. ಎರಡು ದಿನ ಇತ್ತು. ಎಲ್ಲೋ ಒಂದು ಕಡೆ ರೈಲು ನಿಂತಾಗ ಗಂಡ ಇಳಿದು ಹಳಿ ಪಕ್ಕ ಮಣ್ಣು ಮಾಡಿ ಓಡಿ ಬಂದ. ಯಾವ ಸ್ಟೇಷನ್ನು ಅಂತ ನೋಡ್ಕೊಳ್ಳೋದ್ರೊಳಗೆ ರೈಲು ಹೊರಟುಬಿಟ್ಟಿತ್ತು. ಈ ಊರಿಗೆ ಬಂದು ಇವರಿಗೆ ಕೊಟ್ಟ ಮನೆ ಬಾಗಿಲು ತೆಗೆದ್ರೆ, ನಡುಮನೇಲಿ ತೊಟ್ಟಿಲು ಇತ್ತು. ಹಳೇ ಮನೆಯವರು ಬಿಟ್ಟು ಹೋಗಿದ್ದು." ಅಪ್ಪ ನಿಲ್ಲಿಸಿದರು. "ಅಷ್ಟೇ ಬರೆದಿದ್ರು."

ಒಂದೇ ಸಲ, ಮನಸ್ಸಿನಲ್ಲೇ ಓದಿದ ನಾಲ್ಕು ಸಾಲನ್ನು ಅವರು ಹತ್ತು ವರ್ಷ ಒಂದಕ್ಷರ ಬಿಡದೆ ಇಟ್ಟುಕೊಂಡಿದ್ದರು.

ಅಪ್ಪ ಅಮ್ಮನನ್ನು ನೋಡಿ, "ಆವಾಗ ನಿಂಗೆ ಹೇಗೆ ಓದಿ ಹೇಳ್ಲಿ?" ಎಂದರು.

"ಓದಿದ್ರೆ ಅಳ್ತಿದ್ದೆ," ಎಂದಳು ಅಮ್ಮ. "ಅಳ್ಬೇಕಿತ್ತು ನಾನು. ನೀವು ಕೊಕ್ಕರೆ ಕಥೆ ಹೇಳಿದ್ರಿ." ಆಮೇಲೆ ನನ್ನ ಕಡೆ ತಿರುಗಿ, "ಬರ್ಕೊಂಡ್ಯಾ? ತೊಟ್ಟಿಲು ಬಿಡ್ಬೇಡ," ಎಂದಳು.

ಜಯನಗರದ ಶಾಪಿಂಗ್ ಕಾಂಪ್ಲೆಕ್ಸಿನ ಜೆರಾಕ್ಸ್ ಅಂಗಡಿಯಲ್ಲಿ ಎಲ್ಲವನ್ನೂ ನಕಲು ಮಾಡಿಸಿ, ತೇಪೆಗಳನ್ನು ಬೇರೆ ಹಾಳೆಯಲ್ಲಿ ಬರೆದು, ತೂತು ಮಾಡಿದವಳು ನಾನೇ ಎಂದು ನನ್ನ ಕೈಯಿಂದಲೇ ಕ್ಷಮೆ ಬರೆಸಿ, ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆವು. ಅಮ್ಮ ಪೋಸ್ಟಾಫೀಸಿಗೆ ತಾನೂ ಬಂದಳು. ಅರಗಿನ ಮುದ್ರೆ ಸರಿಯಾಗಿ ಬಿದ್ದಿದೆಯೇ ಎಂದು ಮುಟ್ಟಿ ನೋಡಿದಳು.

ಉತ್ತರ ಬರಲು ನಾಲ್ಕು ತಿಂಗಳಾಯಿತು. ಮೇಷ್ಟ್ರು ಮೊದಲ ಸಲ ದುಡ್ಡು ಕೊಟ್ಟು ಕವರು ಕೊಂಡಿದ್ದರು. ಭಾನುವಾರದವರೆಗೆ ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ. ಅಪ್ಪ ಅಲ್ಲೇ ಗೇಟಿನ ಬಳಿ ನಿಂತು ಓದಲು ಶುರು ಮಾಡಿ, ಓದುತ್ತಲೇ ವೆರಾಂಡಕ್ಕೆ ಬಂದರು. ಮುಚ್ಚಿಹೋದ ಶಾಲೆಯ ಕೋಣೆಯಲ್ಲಿ ಊರವರೆಲ್ಲ ಸೇರಿದ್ದರಂತೆ. ಪಟ್ಟಣದಿಂದಲೂ ಮಕ್ಕಳು ಬಂದಿದ್ದರಂತೆ. ಮೇಷ್ಟ್ರು ಒಂದನೇ ಮನೆಯಿಂದ ಓದಿದರಂತೆ. ಒಂದು ಕಡೆ ಅಪ್ಪ ರಾಗಿಯನ್ನು ತಿದ್ದಲು ಮರೆತಿದ್ದರು. ಅದ್ಯಾವ ಧಾನ್ಯ, ನಮ್ಮ ಹಿರಿಯರು ಅದನ್ನು ಎಲ್ಲಿಂದ ತಂದರು ಎಂದು ಊರಿನಲ್ಲಿ ಚರ್ಚೆಯೇ ಆಯಿತಂತೆ.

ಹದಿನೇಳನೆಯ ಮನೆಯ ಮೊಮ್ಮಗಳು ಮುಂದಿನ ಬೆಂಚಿನಲ್ಲಿದ್ದಳಂತೆ. ನವೆಂಬರಿನಲ್ಲಿ ಆ ದೇಶದವರು ತೀರಿಕೊಂಡವರ ಗೋರಿಯ ಮೇಲೆ ದೀಪ ಹಚ್ಚುವ ದಿನ ಇದೆ. ಅಜ್ಜಿ ಬದುಕಿರುವವರೆಗೂ ಅವತ್ತು ಗಂಡನ ಗೋರಿಗೊಂದು ದೀಪ ಇಟ್ಟು, ಇನ್ನೊಂದನ್ನು ಸ್ಮಶಾನದ ಬೇಲಿಯ ಹೊರಗೆ, ರೈಲು ಹಳಿಯ ಕಡೆಗೆ ಮುಖ ಮಾಡಿ ಇಟ್ಟು ಬರುತ್ತಿದ್ದಳಂತೆ. ಅದು ಯಾರಿಗೆಂದು ಕೇಳಿದರೆ ಹೇಳುತ್ತಿರಲಿಲ್ಲ. ಸತ್ತ ಸಿಪಾಯಿಗಳಿಗೆ ಇರಬೇಕೆಂದು ಮನೆಯವರು ಅಂದುಕೊಂಡಿದ್ದರು. ಈಗ ಗೊತ್ತಾಯಿತು, ಈ ವರ್ಷದಿಂದ ಅದನ್ನು ನಾನು ಇಡುತ್ತೇನೆ ಎಂದು ಆ ಹುಡುಗಿ ಹೇಳಿಕಳಿಸಿದ್ದಳು.

ಇಷ್ಟನ್ನೂ ಅಪ್ಪ ಒಂದು ಮಾತೂ ಬಿಡದೆ ಜೋರಾಗಿ ಓದಿದರು. ಎರಡು ಕಡೆ ನೀರು ಕುಡಿದು ಮುಂದುವರಿಸಿದರು. ಓದಿ ಮುಗಿಸಿ ಕಾಗದ ಮಡಚುತ್ತಿರುವಾಗ ಅಮ್ಮ ಕೇಳಿದಳು.

"ನಮ್ದಕ್ಕೆ ನಾನು ಹೆಸರಿಟ್ಟಿದ್ದೆ. ಗೊತ್ತಾ ನಿಮಗೆ?"

ಅಪ್ಪನಿಗೆ ಗೊತ್ತಿರಲಿಲ್ಲ. ಅಮ್ಮ ಹೆಸರು ಹೇಳಿದಳು. ಅಪ್ಪ ಅದನ್ನು ಒಂದು ಸಲ, ಬಾಗಿಲಾಚೆ ಇರುವ ಮಗುವನ್ನು ಒಳಗೆ ಕರೆಯುವ ಹಾಗೆ, ಕೂಗಿ ಅಂದರು.